ಖಾನೆಗೆ ಮರಳಿ ಹಾಕುವವರು

ಕೈಕಸುಬಿನ ಮೇಲೆ ಚಿತ್ರ ತೆಗೆಯುವವರಿಗೆ ಕೈಗಳ ಮೇಲೆ ವಿಪರೀತ ಮೋಹ. ಕುಂಬಾರನ ಕೈ, ನೇಕಾರನ ಕೈ, ಕಮ್ಮಾರನ ಕೈ ಎಂದು ಕ್ಯಾಮೆರಾ ಹತ್ತಿರ ಹೋಗಿ ಕೂತುಬಿಡುತ್ತದೆ. ಹಿಂದಿನಿಂದ ಕೊಳಲು ಕೇಳತೊಡಗುತ್ತದೆ. ನೋಡುವವರ ಕಣ್ಣು ತೇವವಾಗುತ್ತದೆ. ಆ ಕೆಲಸದಲ್ಲಿ ಯಾವುದು ಕಷ್ಟ, ಯಾವುದು ಸುಲಭ, ಎಲ್ಲಿ ಕೆಡುತ್ತದೆ, ಕೆಟ್ಟರೆ ಏನು ಮಾಡುತ್ತಾರೆ ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಇಂಥ ಚಿತ್ರಗಳನ್ನು ನೋಡಿ ನೋಡಿ ಬೇಸತ್ತ ನನಗೆ ರಿಚರ್ಡ್ ಕೆಗ್ಲರ್ ತೆಗೆದ ‘ಮೇಕಿಂಗ್ ಫೇಸಸ್’ ಎಂಬ ಸಾಕ್ಷ್ಯಚಿತ್ರ ಹಿಡಿಸಿತು. ಮುಕ್ಕಾಲು ಗಂಟೆಯ ಚಿತ್ರ. ವಿಷಯ ಒಂದೇ: ಅಚ್ಚಿನ ಮೊಳೆ ಹೇಗೆ ಹುಟ್ಟುತ್ತದೆ. ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಅಕ್ಷರವೊಂದು ಸೀಸದ ಮೊಳೆಯಾಗಿ ಅಂಗೈಗೆ ಬೀಳುವತನಕ ಒಬ್ಬನೇ ಮನುಷ್ಯ ಮಾಡುವ ಕೆಲಸವನ್ನು ಹಂತಹಂತವಾಗಿ ತೋರಿಸುತ್ತಾರೆ. ಆ ಮನುಷ್ಯ ಪ್ರತಿ ಹಂತದಲ್ಲೂ ತಾನೇನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂದು ಹೇಳುತ್ತ ಹೋಗುತ್ತಾನೆ.

ಆ ಮನುಷ್ಯನ ಹೆಸರು ಜಿಮ್ ರಿಮ್ಮರ್. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರಿಗೆ ಹತ್ತಿರದ ನ್ಯೂ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಇವರ ಮನೆಯ ಮುದ್ರಣಾಲಯ ಇತ್ತು. ಅದರ ಹೆಸರು ಪೈ ಟ್ರೀ ಪ್ರೆಸ್. ಪೈ ಎಂದರೆ ನಮಗೆ ಮಂಗಳೂರು ಕಡೆಯವರ ಮನೆತನದ ಹೆಸರು ನೆನಪಾಗುತ್ತದೆ. ಇಂಗ್ಲಿಷ್ ಅಚ್ಚಿನ ಮನೆಗಳಲ್ಲಿ ಮಾತ್ರ ಕೈ ತಪ್ಪಿ ಬಿದ್ದು ಕಲಸಿಹೋದ ಮೊಳೆಗಳ ರಾಶಿಗೆ ಆ ಹೆಸರು. ಹುಡುಗನಾಗಿದ್ದಾಗಲೇ ವ್ಯಾಂಕೂವರಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ ರಿಮ್ಮರ್, ಆಮೇಲೆ ಅಕ್ಷರ ಬರೆಯುವವರಾದರು, ಪುಸ್ತಕಗಳಿಗೆ ಚಿತ್ರ ಬಿಡಿಸಿದರು, ತಮ್ಮದೇ ಅಕ್ಷರಶೈಲಿಗಳನ್ನು ರೂಪಿಸಿದರು, ಅವನ್ನು ಲೋಹದಲ್ಲಿ ಎರೆಯುವುದನ್ನೂ ಕಲಿತರು. ಬೇರೆ ಬೇರೆ ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸಗಳೆಲ್ಲ ಇವರೊಬ್ಬರ ಕೈಗೆ ಬಂದಿದ್ದವು.

ಈಗಿನ ಓದುಗರಿಗೆ ಮೊಳೆ ಎಂದರೆ ಗೋಡೆಗೆ ಹೊಡೆಯುವ ಮೊಳೆಯಷ್ಟೇ ಗೊತ್ತಿರಬಹುದು. ಲಗ್ನಪತ್ರಿಕೆಯನ್ನೂ ಕಂಪ್ಯೂಟರಿನಲ್ಲೇ ಮಾಡಿಸುವ ಕಾಲ ಬಂದು ಎಷ್ಟೋ ವರ್ಷವಾಯಿತು. ಆದ್ದರಿಂದ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಚ್ಚಿನ ಮೊಳೆ ಎಂದರೆ ಬೆರಳಿನ ಎರಡು ಗೆಣ್ಣಿನಷ್ಟೂ ಎತ್ತರವಿಲ್ಲದ ಲೋಹದ ಕಡ್ಡಿ. ಅದರ ನೆತ್ತಿಯ ಮೇಲೆ ಒಂದು ಅಕ್ಷರ ಉಬ್ಬಿಕೊಂಡಿರುತ್ತದೆ, ಕನ್ನಡಿಯಲ್ಲಿ ಕಾಣುವ ಹಾಗೆ ತಿರುವುಮುರುವಾಗಿ. ಬರೀ ಸೀಸದಲ್ಲಿ ಮಾಡಿದರೆ ಮೆತ್ತಗಾಗಿ ನಾಲ್ಕು ದಿನಕ್ಕೆ ಸವೆಯುತ್ತದೆ. ಅದಕ್ಕೆ ಗಡಸು ಬರಲೆಂದು ಆಂಟಿಮನಿ ಸೇರಿಸುತ್ತಾರೆ. ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯಲೆಂದು ಒಂದಿಷ್ಟು ತವರ. ಹೀಗೆ ಎರೆದ ಮೊಳೆಗಳೆಲ್ಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಒಂದೇ ಎತ್ತರ ಇರಬೇಕು. ಇಂಗ್ಲಿಷ್, ಅಮೆರಿಕನ್ ಪ್ರೆಸ್ಸುಗಳ ಲೆಕ್ಕದಲ್ಲಿ ಅದು 0.918 ಅಂಗುಲ. ಒಂದು ಮೊಳೆ ಗಿಡ್ಡವಾದರೆ ಆ ಅಕ್ಷರ ಮಸಿ ಹಿಡಿಯುವುದಿಲ್ಲ, ಎತ್ತರವಾದರೆ ಕಾಗದವನ್ನು ಹರಿಯುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸಿದ ಹಾಗೆ, ಎಲ್ಲರಿಗೂ ಸಮ.

ಹಳೆಯ ಕಾಲದಲ್ಲಿ ಉಕ್ಕಿನ ತುದಿಯಲ್ಲಿ ಅಕ್ಷರವನ್ನು ಕೆತ್ತಿ, ಅದನ್ನು ತಾಮ್ರಕ್ಕೆ ಬಡಿದು ತಗ್ಗು ಮಾಡಿ, ಆ ತಗ್ಗಿನಲ್ಲಿ ಲೋಹ ಎರೆಯುತ್ತಿದ್ದರು. ರಿಮ್ಮರ್ ಹಿಡಿದ ದಾರಿ ಬೇರೆ. ಅವರು ಉಕ್ಕು ಕೆತ್ತುವುದನ್ನು ಬಿಟ್ಟು ಪ್ಯಾಂಟೋಗ್ರಾಫ್ ಎಂಬ ಯಂತ್ರದಿಂದ ನೇರವಾಗಿ ತಗ್ಗನ್ನೇ ಕೊರೆಯುತ್ತಾರೆ. ದೊಡ್ಡದಾಗಿ ಮಾಡಿಟ್ಟುಕೊಂಡ ಅಕ್ಷರದ ಮಾದರಿಯ ಅಂಚನ್ನು ಯಂತ್ರದ ಒಂದು ತುದಿಯ ಕಡ್ಡಿಯಿಂದ ಸವರುತ್ತ ಹೋದರೆ, ಇನ್ನೊಂದು ತುದಿಯಲ್ಲಿ ಗಿರಗಿರನೆ ತಿರುಗುವ ಸೂಜಿಯಂಥ ಮೊನೆ ಅದೇ ಆಕಾರವನ್ನು ಲೋಹದಲ್ಲಿ ಎಷ್ಟೋ ಪಟ್ಟು ಚಿಕ್ಕದಾಗಿ ಕೊರೆಯುತ್ತದೆ. ಅಮೆರಿಕದ ಲಿನ್ ಬಾಯ್ಡ್ ಬೆಂಟನ್ 1880ರ ದಶಕದಲ್ಲಿ ಈ ಬಗೆಯ ಯಂತ್ರವನ್ನು ಮೊಳೆ ತಯಾರಿಕೆಗೆ ತಂದವನು. ದೊಡ್ಡ ಕಾರ್ಖಾನೆಗಳ ಯಂತ್ರವೊಂದು ಮನೆಯ ಮೂಲೆಯಲ್ಲಿ, ಒಬ್ಬ ವಯಸ್ಸಾದವನ ಮೊಣಕೈಯ ಪಕ್ಕದಲ್ಲಿ ಪಳಗಿದ ಬೆಕ್ಕಿನ ಹಾಗೆ ಕೂತಿರುವುದನ್ನು ನೋಡುವುದೇ ಒಂದು ಖುಷಿ.

ಚಿತ್ರದ ಮೊದಲ ಗುಣ ಅದರ ತಾಳ್ಮೆ. ಎರಡನೆಯದು, ರಿಮ್ಮರ್ ಅವರ ಮಾತು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುವಾಗ ಬರುವ ಗತ್ತು ಆ ಮಾತಿನಲ್ಲಿ ಇಲ್ಲ. ಅಡಿಗೆ ಮನೆಯಲ್ಲಿ ದೊಡ್ಡಮ್ಮ ಹೋಳಿಗೆ ತಟ್ಟುತ್ತ ‘ಇಷ್ಟು ಕಣಕ ತಗೋ, ಹೂರಣ ಇದಕ್ಕಿಂತ ಗಟ್ಟಿ ಇದ್ದರ ಹರೀತದ ನೋಡು’ ಎಂದು ಕೈ ನಿಲ್ಲಿಸದೆ ಹೇಳುತ್ತಾಳಲ್ಲ, ಆ ರೀತಿ. ಕೆಗ್ಲರ್ ಅದನ್ನು ಕತ್ತರಿಸದೆ ಕೇಳಿಸಿಕೊಂಡಿದ್ದಾರೆ. ಕೆಗ್ಲರ್ ಕಸುಬಿನಿಂದ ಚಿತ್ರ ನಿರ್ದೇಶಕರಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಎಂಬ ಊರಿನಲ್ಲಿ ಕಂಪ್ಯೂಟರ್ ಅಕ್ಷರಗಳನ್ನು ಮಾಡಿ ಮಾರುವ ಪಿ22 ಎಂಬ ಸಣ್ಣ ಸಂಸ್ಥೆಯನ್ನು ಕರೀಮಾ ಎಲ್-ಬೆಹೈರಿ ಅವರೊಂದಿಗೆ 1990ರ ದಶಕದಲ್ಲಿ ಕಟ್ಟಿದವರು. ಊರಿನ ಹೆಸರು ಹೇಳಿದಾಗ ನಮ್ಮ ಓದುಗ ಬಳಗದ ಹೆಂಗಸರು ‘ಎಮ್ಮಿ ಊರಾ?’ ಎಂದು ನಕ್ಕಿದ್ದು ಬೇರೆ ಮಾತು. ಕಸುಬಿನ ಒಳಗಿನವನೇ ಕ್ಯಾಮೆರಾ ಹಿಡಿದದ್ದರಿಂದ, ಹೊರಗಿನವನಿಗೆ ಬೇಸರ ತರುವ ಕಡೆಯಲ್ಲೇ ಇವರ ಕ್ಯಾಮೆರಾ ನಿಲ್ಲುತ್ತದೆ. ಮುಖ್ಯವಾದದ್ದು ಇರುವುದೂ ಅಲ್ಲೇ.

ಚಿತ್ರದ ಹೆಸರಿನಲ್ಲಿ ಒಂದು ಚೇಷ್ಟೆ ಇದೆ. ಮಕ್ಕಳು ಮೋರೆ ಓರೆ ಮಾಡಿ ಅಣಕಿಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತೇ ಅದು. ಮೊಳೆಯ ನೆತ್ತಿಯ ಮೇಲಿನ ಅಕ್ಷರಕ್ಕೂ ಅವರು ಮುಖ ಎಂದೇ ಕರೆಯುತ್ತಾರೆ. ಈ ಚಿತ್ರದಲ್ಲಿ ಹುಟ್ಟುವ ಮುಖಕ್ಕೆ ‘ಸ್ಟರ್ನ್’ ಎಂದು ಹೆಸರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಳೆಯ ರೀತಿಯಲ್ಲಿ ಪುಸ್ತಕ ಅಚ್ಚು ಹಾಕುತ್ತಿದ್ದ ಕ್ರಿಸ್ ಸ್ಟರ್ನ್ ತೀರಿಹೋದ ಮೇಲೆ ಅವರ ನೆನಪಿಗೆ ಮಾಡಿದ ಅಕ್ಷರ ಅದು. ಕೈಯಿಂದ ಜೋಡಿಸುವ ಕವಿತೆಗಳಿಗೆ ಒಪ್ಪಲಿ ಎಂದು ರೂಪಿಸಿದ್ದು. 2008ರಲ್ಲಿ ಈ ಅಕ್ಷರ ಸೀಸದ ಮೊಳೆಯಾಗಿಯೂ ಕಂಪ್ಯೂಟರ್ ಅಕ್ಷರವಾಗಿಯೂ ಒಟ್ಟೊಟ್ಟಿಗೆ ಬಿಡುಗಡೆಯಾಯಿತು. ಹಾಗೆ ಎರಡೂ ರೂಪದಲ್ಲಿ ಒಟ್ಟಿಗೆ ಬಂದ ಅಕ್ಷರಶೈಲಿ ಇದೇ ಮೊದಲು ಎಂದು ಪಿ22 ಹೇಳಿಕೊಂಡಿತು. ಅತ್ತೆ ಸೊಸೆ ಒಂದೇ ದಿನ ಹಡೆದ ಹಾಗೆ!

ಸತ್ತ ಸ್ನೇಹಿತನಿಗಾಗಿ ಅಕ್ಷರ ಕೊರೆಯುತ್ತಿರುವ ರಿಮ್ಮರ್ ಅವರನ್ನೇ ನಾವು ಈಗ ಸತ್ತವರನ್ನು ನೋಡಿದಂತೆ ನೋಡಬೇಕಾಗಿದೆ. ಅವರು 2010ರ ಜನವರಿಯಲ್ಲಿ ತೀರಿಕೊಂಡರು. ಚಿತ್ರ ಸಿದ್ಧವಾಗಿ ಜನರ ಮುಂದೆ ಬಂದದ್ದು ಅದರ ನಂತರ. ನೋಡುವವರಿಗೆ ಇದು ಗೊತ್ತಿರುತ್ತದೆ. ಆದರೂ ಚಿತ್ರ ಅಳು ಬರಿಸಲು ಹೋಗುವುದಿಲ್ಲ. ನಿರ್ದೇಶಕರ ಈ ಸಂಯಮಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಬಿಡುಗಡೆಯ ವಿಷಯ. ಇಂಥ ಚಿತ್ರಗಳಿಗೆ ಥಿಯೇಟರ್ ಇಲ್ಲ, ಪೋಸ್ಟರ್ ಇಲ್ಲ, ಶುಕ್ರವಾರ ಇಲ್ಲ. ಮಾಡಿದವನೇ ಹೊತ್ತುಕೊಂಡು ಹೋಗಬೇಕು. ಅಕ್ಷರ ಬಿಡಿಸುವವರ ಸಮ್ಮೇಳನದಲ್ಲಿ ಒಂದು ಪ್ರದರ್ಶನ, ಕಲಾಶಾಲೆಯಲ್ಲಿ ಒಂದು, ಗ್ರಂಥಾಲಯದ ಸಭಾಂಗಣದಲ್ಲಿ ಒಂದು, ಮಿಕ್ಕಿದ್ದು ಅಂಚೆಯಲ್ಲಿ ಕಳಿಸುವ ಡಿವಿಡಿ. ನೋಡುವವರು ಮೊದಲೇ ಪ್ರೀತಿಸಿ ಬಂದವರು. ಪಂಢರಪುರದಲ್ಲಿ ವಿಠ್ಠಲನ ಮಹಿಮೆ ಹೇಳಿದಂತೆ, ಕೇಳಿದವರೆಲ್ಲ ತಲೆದೂಗುವವರೇ. ಚಿತ್ರ ಗಟ್ಟಿಯೋ ಪೊಳ್ಳೋ ತಿಳಿಯಬೇಕಾದರೆ ಅದನ್ನು ಬೇರೆ ಜನರ ಮುಂದೆ ಇಡಬೇಕು ಎಂಬುದು ನನ್ನ ಅಭಿಪ್ರಾಯ. ನನಗೆ ಆ ಅವಕಾಶ ಸಿಕ್ಕಿತು.

ಕೆನಡಾದಲ್ಲಿರುವ ತಂಗಿಯ ಮಗಳು ಊರಿಗೆ ಬರುವಾಗ ಈ ಡಿವಿಡಿ ತಂದುಕೊಟ್ಟಿದ್ದಳು. ‘ನೀನು ಪ್ರೆಸ್ಸಿನಾಗ ಇದ್ದಾಕಿ ಅಲ್ಲ ದೊಡ್ಡವ್ವ, ನೋಡು’ ಎಂದು. ನಾನು ಇರುವುದು ಗದಗಿನಲ್ಲಿ. ಮುದ್ರಣಕಾಶಿ ಎಂದು ಹೆಸರಾದ ಊರು. ಒಂದು ಕಾಲಕ್ಕೆ ಇಲ್ಲಿ ಓಣಿ ಹೊಕ್ಕರೆ ಟ್ರೆಡಲ್ ಮಶೀನಿನ ಸದ್ದು ಕೇಳದೆ ಹೊರಗೆ ಬರುವಂತಿರಲಿಲ್ಲ. ಕಾಲೇಜು ಮುಗಿಸಿ ಮದುವೆಯಾಗುವ ತನಕ, ಆಮೇಲೆ ಕೂಡ ಕೆಲವು ವರ್ಷ, ನಾನು ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ನಮ್ಮ ಓದುಗ ಬಳಗದ ಹೆಂಗಸರು ತಿಂಗಳಿಗೊಮ್ಮೆ ಸೇರುವ ಮಾಳಿಗೆಯಲ್ಲಿ ಬಿಳಿ ಧೋತರ ಕಟ್ಟಿ ಈ ಚಿತ್ರ ತೋರಿಸಿದೆವು. ಬಂದವರು ಹದಿನಾಲ್ಕು ಜನ. ಅವರಲ್ಲಿ ಮೂವರು ಹಳೆಯ ಕಂಪೋಸಿಟರುಗಳು. ಅವರನ್ನು ನಾನೇ ಮನೆಗೆ ಹೋಗಿ ಕರೆತಂದಿದ್ದೆ. ಇಂಗ್ಲಿಷ್ ಮಾತನ್ನು ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಆ ಮೂವರೇ ನನ್ನನ್ನು ಸುಮ್ಮನಿರಿಸಿದರು. ‘ನೀವ ಬಿಡ್ರಿ ಅಕ್ಕಾರ, ಕೈ ಹೇಳ್ತದ’ ಎಂದರು.

ಅವರು ನೋಡಿದ ಚಿತ್ರವೇ ಬೇರೆ. ನಾನು ಪ್ಯಾಂಟೋಗ್ರಾಫಿನ ಸೊಗಸಿಗೆ ಮರುಳಾಗಿದ್ದರೆ ಅವರು ಎರೆದ ಮೊಳೆಯನ್ನು ನೋಡುತ್ತಿದ್ದರು. ಹೊಸ ಮೊಳೆಯ ಹೊಳಪು ಕಂಡು ಒಬ್ಬರು ‘ಏನ್ ಲಖಲಖ ಹೊಳೀತಾವ’ ಎಂದು ಉಸಿರು ಬಿಟ್ಟರು. ಅವರ ಪ್ರೆಸ್ಸಿಗೆ ಹೊಸ ಮೊಳೆ ಬಂದದ್ದು ಅವರ ನೆನಪಿನಲ್ಲಿ ಎರಡೇ ಸಲ. ಸವೆದ ಮೊಳೆಗಳಲ್ಲೇ ದಿನ ದೂಡಿದವರು. ಇನ್ನೊಬ್ಬರಿಗೆ ಬೇರೆ ಚಿಂತೆ. ‘ಸೀಸಾ ಮುಟ್ಟಿದ ಕೈಲೆ ಚಾ ಕುಡ್ಯಬಾರದು ಅಂತ ಯಾರರೆ ಹೇಳ್ಯಾರೇನ್ರಿ ಅವರಿಗೆ?’ ನಮ್ಮ ಪ್ರೆಸ್ಸುಗಳಲ್ಲಿ ಅದನ್ನು ಹೇಳುವವರು ಇರಲಿಲ್ಲ. ಮಧ್ಯಾಹ್ನದ ರೊಟ್ಟಿಯ ಮೇಲೆ ಬೆರಳಿನ ಕಪ್ಪು ಗುರುತು ಮೂಡುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಕೊನೆಗೆ ಮೂರನೆಯವರು, ಮೂವರಲ್ಲಿ ಹಿರಿಯರು, ಒಂದು ಪ್ರಶ್ನೆ ಕೇಳಿದರು: ‘ಅಲ್ರೀ, ಇಷ್ಟೆಲ್ಲಾ ಮೊಳಿ ಎರದ ಇಟ್ಟಾರ. ಜೋಡಿಸಿ ಪ್ರಿಂಟ ಆದಮ್ಯಾಲ ತಿರುಗಿ ಖಾನೇದಾಗ ಹಾಕೋರು ಯಾರು?’

ಮಿಕ್ಕವರು ನಕ್ಕರು. ನನಗೆ ಮಾತ್ರ ಚಿತ್ರದ ಬಗ್ಗೆ ಆವತ್ತಿನವರೆಗೆ ನನ್ನ ಮನಸ್ಸಿನಲ್ಲಿ ಮೂಡದೇ ಇದ್ದ ವಿಮರ್ಶೆ ಈ ಒಂದು ವಾಕ್ಯದಲ್ಲಿ ಕಂಡಿತು.

ವಿವರಿಸುತ್ತೇನೆ. ಕೈಯಿಂದ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಜೋಡಣೆ ಅರ್ಧ ಕೆಲಸ. ಇನ್ನರ್ಧ, ಅಚ್ಚಾದ ಪುಟವನ್ನು ಬಿಚ್ಚಿ, ಮಸಿ ತೊಳೆದು, ಒಂದೊಂದೇ ಮೊಳೆಯನ್ನು ಅದು ಬಂದ ಖಾನೆಗೆ ಹಿಂತಿರುಗಿಸುವುದು. ನಮ್ಮ ಪ್ರೆಸ್ಸುಗಳಲ್ಲಿ ಇದನ್ನು ‘ಡಿಸ್ಟ್ರಿಬ್ಯೂಷನ್’ ಎಂದೇ ಕರೆಯುತ್ತಿದ್ದರು. ಸಿನಿಮಾದವರಿಗೂ ಅದೇ ಶಬ್ದ, ಚಿತ್ರವನ್ನು ಊರೂರಿಗೆ ಹಂಚುವುದಕ್ಕೆ. ಎರಡು ಕಡೆಯಲ್ಲೂ ಮಾಡಿದವನಿಗೆ ಹೆಸರು, ಹಂಚಿದವನಿಗೆ ಇಲ್ಲ. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ ಅದರ ಎರಡು ಪಟ್ಟು, ಮೇಲಿಷ್ಟು ಅಂಕಿ, ಚಿಹ್ನೆ. ಕನ್ನಡಕ್ಕೆ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಕೂಡಿ ನೂರಾರು ಖಾನೆ. ಅಷ್ಟೂ ಖಾನೆಗಳು ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಬೇಕು. ಒಂದು ‘ಪ’ ಹೋಗಿ ‘ವ’ದ ಖಾನೆಗೆ ಬಿದ್ದರೆ ನಾಳಿನ ಲಗ್ನಪತ್ರಿಕೆಯಲ್ಲಿ ವಧುವಿನ ಗತಿ ಏನಾದೀತು ನೋಡಿ. ‘ಸ್ತ್ರೀ’ ಎಂಬ ಅಕ್ಷರವನ್ನು ಜೋಡಿಸುವುದಂತೂ ನಮ್ಮಲ್ಲಿ ತಲೆನೋವಾಗಿತ್ತು. ತ ಒತ್ತು, ಅದಕ್ಕೆ ರ ಒತ್ತು, ಮೇಲೆ ದೀರ್ಘ. ‘ಮೊದಲ ಜೋಡಿಸೂದು ಕಷ್ಟ, ಬಿಚ್ಚಿ ಇಡೂದು ಇನ್ನೂ ಕಷ್ಟ’ ಎಂದು ಕಂಪೋಸಿಟರ್ ಹೆಂಗಸರು ತಾವೇ ನಗುತ್ತಿದ್ದರು.

ನಾನಿದ್ದ ಪ್ರೆಸ್ಸಿನಲ್ಲಿ, ಹೆಸರು ಈಗ ಬೇಡ, ಜೋಡಿಸುವ ಗಂಡಸರಿಗೆ ಪುಟಕ್ಕೆ ಇಷ್ಟು ಎಂದು ಲೆಕ್ಕ. ಹೊಸದಾಗಿ ಬಂದ ಹುಡುಗಿಯರನ್ನು ಮೊದಲು ಡಿಸ್ಟ್ರಿಬ್ಯೂಷನ್ನಿಗೆ ಕೂಡಿಸುತ್ತಿದ್ದರು. ಅದಕ್ಕೆ ದಿನಗೂಲಿ, ಅದೂ ಕಡಿಮೆ. ಕಲಿಯುವುದಕ್ಕೆ ಒಳ್ಳೆಯದು ಎಂಬುದು ಮಾಲೀಕರ ಮಾತು. ಒಳ್ಳೆಯದು ಹೌದು, ಖಾನೆ ಬಾಯಿಪಾಠವಾಗುತ್ತದೆ. ಆದರೆ ಕೆಲವರು ಐದಾರು ವರ್ಷ ಕಲಿಯುತ್ತಲೇ ಇದ್ದರು. ಟೀವಿಯಲ್ಲಿ ಅಡಿಗೆ ಕಾರ್ಯಕ್ರಮ ನೋಡುತ್ತೀರಲ್ಲ, ಅಲ್ಲಿ ಎಂದಾದರೂ ಪಾತ್ರೆ ತೊಳೆದದ್ದನ್ನು ತೋರಿಸಿದ್ದಾರೆಯೇ? ಮಾಡಿದ್ದನ್ನು ಎತ್ತಿ ತೋರಿಸಿದ ಕೂಡಲೇ ಕಾರ್ಯಕ್ರಮ ಮುಗಿಯುತ್ತದೆ. ಆ ಹಿರಿಯರು ಕೇಳಿದ್ದು ಇದನ್ನೇ.

ಕೆಗ್ಲರ್ ಚಿತ್ರದ ವಿಷಯ ಮೊಳೆ ಮಾಡುವುದು, ಜೋಡಿಸುವುದಲ್ಲ, ಬಿಚ್ಚುವುದೂ ಅಲ್ಲ. ಇಲ್ಲದ್ದನ್ನು ಕೇಳಿ ಅವರನ್ನು ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಒಬ್ಬನ ಕೆಲಸವನ್ನು ತೋರಿಸುತ್ತೇನೆ ಎಂದರು, ತೋರಿಸಿದರು. ಆದರೆ ‘ಒಬ್ಬನೇ ಎಲ್ಲವನ್ನೂ ಮಾಡುತ್ತಾನೆ’ ಎಂಬ ಚಿತ್ರ ಎಷ್ಟು ಚೆಂದವಾಗಿರುತ್ತದೋ ಅಷ್ಟೇ ಸುಲಭವಾಗಿ ಅದು ಈ ಕಸುಬಿನ ಚರಿತ್ರೆ ಎನಿಸಿಬಿಡುತ್ತದೆ. ಚರಿತ್ರೆಯಲ್ಲಿ ಎಲ್ಲವನ್ನೂ ಒಬ್ಬನೇ ಮಾಡಿದ್ದು ಅಪರೂಪ. ಇಂಗ್ಲೆಂಡಿನ ಸಾಲ್‌ಫರ್ಡ್ಸ್ ಎಂಬಲ್ಲಿದ್ದ ಮೊನೊಟೈಪ್ ಕಾರ್ಖಾನೆಯಲ್ಲಿ ಅಕ್ಷರಗಳ ನಕಾಶೆ ಬರೆಯುವ ಒಂದು ದೊಡ್ಡ ಕಚೇರಿ ಇತ್ತು. ಅಲ್ಲಿ ಮೇಜಿನ ಮುಂದೆ ಕೂತು ಒಂದೊಂದು ಅಕ್ಷರವನ್ನೂ ಹತ್ತು ಅಂಗುಲದಷ್ಟು ದೊಡ್ಡದಾಗಿ, ಪೆನ್ಸಿಲ್ಲಿನ ಮೊನೆಯಷ್ಟು ನಿಖರವಾಗಿ ಬರೆಯುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಇಪ್ಪತ್ತನೆಯ ಶತಮಾನದ ಪುಸ್ತಕಗಳಲ್ಲಿ ಎಷ್ಟೋ ಗಂಡಸರ ಹೆಸರಿನಲ್ಲಿ ಪ್ರಸಿದ್ಧವಾದ ಅಕ್ಷರಗಳು ಆ ಹೆಂಗಸರ ಕೈಯಿಂದ ಹಾದುಬಂದವು. ನಮ್ಮ ದೇಶದ ಲಿಪಿಗಳೂ ಆ ಮೇಜುಗಳ ಮೇಲೆ ಹರಡಿಕೊಂಡದ್ದುಂಟು. ಈ ಹೆಂಗಸರನ್ನು ಹುಡುಕಿ ಬರೆಯುವ ಕೆಲಸ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಆರಂಭವಾಯಿತು. ಅದರ ಮುಂದಾಳು ಫಿಯೋನಾ ರಾಸ್ ಭಾರತದ ಲಿಪಿಗಳ ಅಚ್ಚಿನ ಅಕ್ಷರಗಳಿಗಾಗಿ ಹಲವು ದಶಕ ದುಡಿದವರು. 1970ರ ದಶಕದ ಕೊನೆಯಿಂದ ಲಿನೊಟೈಪ್ ಕಂಪನಿಯಲ್ಲಿ ಆ ವಿಭಾಗವನ್ನು ನಡೆಸಿದರು.

ಇನ್ನೂ ಹಿಂದೆ ಹೋದರೆ 1860ರಲ್ಲಿ ಎಮಿಲಿ ಫೇತ್‌ಫುಲ್ ಎಂಬಾಕೆ ಲಂಡನ್ನಿನಲ್ಲಿ ಹೆಂಗಸರೇ ಮೊಳೆ ಜೋಡಿಸುವ ವಿಕ್ಟೋರಿಯಾ ಪ್ರೆಸ್ ತೆರೆದಳು. ಅಲ್ಲಿಯ ಗಂಡಸು ಕಂಪೋಸಿಟರುಗಳಿಗೆ ಅದು ಸಹಿಸಲಿಲ್ಲ. ಹೆಂಗಸರ ಕೈಗೆ ಇದು ಒಗ್ಗದು, ಎದೆಗೂಡಿಗೆ ಒಳ್ಳೆಯದಲ್ಲ ಎಂಬಂಥ ಕಾಳಜಿಗಳು ಆಗ ತಟ್ಟನೆ ಹುಟ್ಟಿಕೊಂಡವು. ಎಡಿನ್‌ಬರೋದಲ್ಲಿ 1872ರ ಮುಷ್ಕರದ ಹೊತ್ತಿಗೆ ಮಾಲೀಕರು ಕಡಿಮೆ ಕೂಲಿಗೆ ಹೆಂಗಸರನ್ನು ತಂದು ಕೂಡಿಸಿದರು. ಮುಂದೆ 1910ರ ವೇಳೆಗೆ ಗಂಡಸರ ಸಂಘ ಹೊಸ ಹುಡುಗಿಯರು ಈ ಕೆಲಸ ಕಲಿಯದಂತೆ ಮಾಡಿಸಿತು. ಕೂಲಿ ಸಮ ಮಾಡಿ ಎಂದು ಕೇಳಬಹುದಿತ್ತು, ಬಾಗಿಲು ಮುಚ್ಚಿ ಎಂದು ಕೇಳಿದರು.

ಮೊಳೆಯ ಮೇಲಿನ ಇನ್ನೆರಡು ಚಿತ್ರಗಳನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಒಂದು, ಡಗ್ ವಿಲ್ಸನ್ ನಿರ್ದೇಶಿಸಿ 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೋರಿಸಿದ ‘ಲಿನೊಟೈಪ್: ದಿ ಫಿಲ್ಮ್’. ಇದಕ್ಕೆ ಜನ ಇಂಟರ್ನೆಟ್ಟಿನ ಮೂಲಕ ಚಿಕ್ಕಚಿಕ್ಕ ವಂತಿಗೆ ಕೊಟ್ಟರು. ಲಿನೊಟೈಪ್ ಎಂದರೆ ಕೀಲಿ ಒತ್ತಿದಂತೆ ಒಂದೊಂದು ಸಾಲನ್ನೇ ಬಿಸಿ ಲೋಹದಲ್ಲಿ ಎರೆದು ಕೊಡುವ ಯಂತ್ರ. ಆಟ್ಮರ್ ಮರ್ಗೆಂತಾಲರ್ ಮಾಡಿದ ಈ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮೊದಲು ಕೆಲಸ ಮಾಡಿತು. ನಮ್ಮ ಹಿರಿಯ ಕಂಪೋಸಿಟರ್ ಕೇಳಿದ ಪ್ರಶ್ನೆಗೆ ಆ ಯಂತ್ರದ ಹೊಟ್ಟೆಯಲ್ಲೇ ಉತ್ತರ ಇದೆ ಎಂಬುದು ಸ್ವಾರಸ್ಯ. ಸಾಲು ಎರೆದಾದ ಮೇಲೆ ಅಕ್ಷರದ ಹಿತ್ತಾಳೆ ಅಚ್ಚುಗಳನ್ನು ಯಂತ್ರವೇ ಒಂದು ಉದ್ದನೆಯ ತೋಳಿನಿಂದ ಮೇಲಕ್ಕೆತ್ತುತ್ತದೆ. ಪ್ರತಿ ಅಚ್ಚಿನ ತಲೆಯ ಮೇಲೂ ಬೀಗದ ಕೈಗೆ ಇರುವಂಥ ಹಲ್ಲುಗಳಿವೆ. ಹಲ್ಲಿನ ಸಾಲಿಗೆ ತಕ್ಕಂತೆ ಪ್ರತಿಯೊಂದೂ ತನ್ನ ಖಾನೆಯ ಮೇಲೆ ಬಂದಾಗ ಹಿಡಿತ ತಪ್ಪಿ ತಾನಾಗಿ ಒಳಗೆ ಬೀಳುತ್ತದೆ. ಇದನ್ನು ಹೇಳಿದಾಗ ಆ ಮೂವರ ಮುಖದಲ್ಲಿ ಮೂಡಿದ ಬೆರಗನ್ನು ನಾನು ಇನ್ಯಾವ ಮಾತಿಗೂ ಕಂಡಿಲ್ಲ. ವಿಲ್ಸನ್ ಚಿತ್ರ ಚುರುಕಾಗಿದೆ, ನಗಿಸುತ್ತದೆ, ನಿವೃತ್ತ ಕೆಲಸಗಾರರ ಮಾತು ಸೊಗಸಾಗಿದೆ. ಆದರೆ ಅಲ್ಲಿ ನಾಯಕ ಯಂತ್ರ. ಯಂತ್ರ ಹೋಯಿತಲ್ಲ ಎಂಬ ಮರುಕವೇ ಹೆಚ್ಚು.

ಇನ್ನೊಂದು, ಬಹಳ ಹಳೆಯದು, ‘ಫೇರ್‌ವೆಲ್, ಇಟಾಯಿನ್ ಶರ್ಡ್ಲು’. ಲಿನೊಟೈಪಿನ ಕೀಲಿಮಣೆಯ ಮೊದಲ ಎರಡು ಕಂಬಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಬರುವ ಅರ್ಥವಿಲ್ಲದ ಶಬ್ದ ಅದು. ಕಂಪೋಸಿಟರ್ ಒಂದು ಸಾಲು ಕೆಡಿಸಿಕೊಂಡರೆ ಬೆರಳು ಎಳೆದು ಆ ಅಕ್ಷರಗಳನ್ನೇ ತುಂಬಿ ಸಾಲು ಮುಗಿಸುತ್ತಿದ್ದ, ತೆಗೆದುಹಾಕಲು ಗುರುತಾಗಲಿ ಎಂದು. ಒಮ್ಮೊಮ್ಮೆ ಅದು ಹಾಗೆಯೇ ಪತ್ರಿಕೆಯಲ್ಲಿ ಅಚ್ಚಾಗಿ ಹೋಗುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1978ರ ಜುಲೈ ಮೊದಲ ವಾರಾಂತ್ಯದಲ್ಲಿ ಬಿಸಿ ಲೋಹವನ್ನು ಕೊನೆಯ ಬಾರಿಗೆ ಬಳಸಿತು. ಆ ರಾತ್ರಿಯನ್ನು ಚಿತ್ರಿಸಿದ ಡೇವಿಡ್ ಲೋಬ್ ವೈಸ್ ಅದೇ ಪತ್ರಿಕೆಯಲ್ಲಿ ಕರಡು ತಿದ್ದುವವರು. ಕಥೆ ಹೇಳುವ ಕಾರ್ಲ್ ಶ್ಲೆಸಿಂಗರ್ ಅಲ್ಲಿಯೇ ಲಿನೊಟೈಪ್ ನಡೆಸುತ್ತಿದ್ದವರು. ಅರ್ಧ ಗಂಟೆಯೂ ಪೂರ್ತಿ ಇಲ್ಲ. ಆದರೂ ಮೂರರಲ್ಲಿ ನನಗೆ ಇದೇ ಎಲ್ಲಕ್ಕಿಂತ ಹೆಚ್ಚು. ನಾನೂ ಕರಡು ತಿದ್ದುವವಳು ಎಂಬ ಪಕ್ಷಪಾತ ಇದ್ದರೂ ಇರಲಿ. ಆ ಚಿತ್ರದಲ್ಲಿ ಯಂತ್ರ ಹೇಗೆ ನಡೆಯುತ್ತದೆ ಎಂಬುದೂ ಇದೆ, ನಾಳೆ ಬೆಳಿಗ್ಗೆ ಈ ಜನ ಏನು ಮಾಡುತ್ತಾರೆ ಎಂಬ ಪ್ರಶ್ನೆಯೂ ಇದೆ. ಅಲ್ಲಿಯ ಕಂಪೋಸಿಟರುಗಳ ಸಂಘ 1974ರಲ್ಲೇ ಒಪ್ಪಂದ ಮಾಡಿಕೊಂಡು ಕೆಲಸ ಹೋಗದಂತೆ ಭರವಸೆ ಪಡೆದಿತ್ತು. ಹೊಸ ಯಂತ್ರ ಬರಲಿ, ಇದ್ದವರಿಗೆ ಜೀವನಪೂರ್ತಿ ಕೆಲಸ ಇರಲಿ ಎಂದು.

ಇದನ್ನು ಓದಿ ಹೇಳಿದಾಗ ನಮ್ಮ ಹಳೆಯ ಕಂಪೋಸಿಟರುಗಳು ಮಾತಾಡಲಿಲ್ಲ. ನಮ್ಮಲ್ಲಿ ಆಫ್‌ಸೆಟ್ ಬಂದಾಗ, ಡಿಟಿಪಿ ಬಂದಾಗ ಯಾವ ಒಪ್ಪಂದವೂ ಇರಲಿಲ್ಲ. ಕೇಸುಗಳನ್ನು ತೂಕಕ್ಕೆ ಹಾಕಿದರು. ಅಕ್ಷರಕ್ಕೆ ಬೆಲೆ ಇಲ್ಲ, ಸೀಸಕ್ಕೆ ಇತ್ತು. ಒಬ್ಬರು ಕಂಪ್ಯೂಟರ್ ಕಲಿತರು, ಒಬ್ಬರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದರು. ಹಿರಿಯರು ಮನೆಯಲ್ಲಿ ಕೂತರು. ಅವರ ಕೈಗೆ ಗೊತ್ತಿದ್ದ ಆ ನೂರಾರು ಖಾನೆಗಳ ನಕಾಶೆ ಈಗ ಯಾವ ಪುಸ್ತಕದಲ್ಲಿದೆ? ರಿಮ್ಮರ್ ಅವರಿಗೆ ಒಬ್ಬ ಕೆಗ್ಲರ್ ಸಿಕ್ಕರು. ಸಾಯುವ ಮೊದಲು ಸಿಕ್ಕರು ಎಂಬುದು ದೊಡ್ಡದು.

ಈ ಚಿತ್ರ ನೋಡಿ ಯಾರಾದರೂ ಮೊಳೆ ಎರೆಯುವುದನ್ನು ಕಲಿತಾರೇ ಎಂದು ಕೇಳಿದರೆ, ಕಲಿಯಲಾರರು ಎನ್ನುತ್ತೇನೆ. ಮುನ್ನೂರು ಡಿಗ್ರಿ ಮೀರಿ ಕಾದ ಲೋಹದ ಮುಂದೆ ನಿಂತಾಗ ಯಾವ ಗಳಿಗೆಯಲ್ಲಿ ಅದು ಹದಕ್ಕೆ ಬಂತು ಎಂಬುದು ಪರದೆಯಿಂದ ದಾಟಿಬರುವಂಥದ್ದಲ್ಲ. ಕಲಿಯಬಹುದಾದದ್ದು ಬೇರೊಂದು. ಒಂದು ಕಸುಬನ್ನು ಹೇಗೆ ಕೇಳಬೇಕು, ಯಾವ ಪ್ರಶ್ನೆ ಕೇಳಬೇಕು, ಹೇಳುವವರು ಹೇಳುವಾಗ ಬಾಯಿ ಮುಚ್ಚಿಕೊಂಡು ಹೇಗೆ ಇರಬೇಕು ಎಂಬುದು. ಕೆಗ್ಲರ್ ಇದರಲ್ಲಿ ಗಟ್ಟಿಗರು. ಅವರು ಬಿಟ್ಟ ಪ್ರಶ್ನೆ ಒಂದೇ, ಅದನ್ನು ನಮ್ಮವರು ಕೇಳಿದರು.

ಚಿತ್ರ ಮುಗಿದ ಮೇಲೆ ಚಾ ಬಂತು. ಹಿರಿಯರು ಕೈ ತೊಳೆದುಕೊಂಡು ಬಂದು ಕುಳಿತರು, ಹಳೆಯ ರೂಢಿ ಇರಬೇಕು. ಅಷ್ಟರಲ್ಲಿ ತಂಗಿಯ ಮಗಳು ತನ್ನ ಮೊಬೈಲ್ ತೆಗೆದು, ‘ಅಜ್ಜಿ, ನಿಮ್ಮ ಕೇಸಿನಾಗ ಅ ಎಲ್ಲಿರತಿತ್ತು, ಆ ಎಲ್ಲಿರ್ತಿತ್ತು, ತೋರಸ್ರಿ’ ಎಂದಳು. ಜಮಖಾನೆಯ ಮೇಲೆ ಬಿಸ್ಕೀಟಿನ ಹಾಳೆಗಳನ್ನು ಚೌಕ ಚೌಕವಾಗಿ ಇಟ್ಟು ಅವರು ಆರಂಭಿಸಿದರು. ಕಾಗುಣಿತ ಅರ್ಧ ಆಗುವಷ್ಟರಲ್ಲಿ ಉಳಿದ ಇಬ್ಬರೂ ಬಂದು ಕೂತು, ‘ಅದು ಅಲ್ಲಲ್ರೀ, ಕ ಒತ್ತು ಎಡಕ್ಕಿತ್ತು’ ಎಂದು ವಾದ ಹೂಡಿದರು. ಅವರು ಬೇರೆ ಬೇರೆ ಪ್ರೆಸ್ಸಿನವರು. ವಾದ ಇನ್ನೂ ಮುಗಿದಿಲ್ಲ. ಬರುವ ತಿಂಗಳು ಅಮಾವಾಸ್ಯೆ ಕಳೆದ ಮೇಲಿನ ರವಿವಾರ ಮತ್ತೆ ಸೇರುವುದೆಂದು ಆಗಿದೆ.